ಹೊಂಡದ ಮೀನು: ಹೆಸರು ಕೇಳಿ ಬಿಡಬೇಡಿ, ತಳಿ ಕೇಳಿ ಬಿಡಿ



ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಜೋಳದ್ದಲ್ಲ, ತೊಗರಿಯದೂ ಅಲ್ಲ. ಹೊಲದ ತಗ್ಗಿನ ಮೂಲೆಯಲ್ಲಿ ನೀವು ತೋಡಿಸಿಕೊಂಡ ಕೃಷಿಹೊಂಡದಲ್ಲಿ ಬಿಡುವ ಮೀನಿನದು. ಮೀನು ಅಂದ ಕೂಡಲೇ, "ಅದು ಹೊಳೆದಂಡಿಯವರ ಕೆಲಸ, ನಮಗ್ಯಾಕ್ರಿ?" ಎನ್ನುವವರು ಇದ್ದಾರೆ. "ನಮ್ಮ ಮನಿಯೊಳಗ ಮೀನು ಬೇಯಿಸೂದಿಲ್ರಿ" ಎನ್ನುವವರೂ ಇದ್ದಾರೆ. ಒಲ್ಲದವರನ್ನು ಒತ್ತಾಯಿಸುವ ಕೆಲಸ ನಮ್ಮದಲ್ಲ. ಆದರೆ ಈಗಾಗಲೇ ಹೊಂಡದಲ್ಲಿ ಮರಿ ಬಿಟ್ಟವರು, ಬಿಡಬೇಕೆಂದು ಮನಸ್ಸು ಮಾಡಿದವರು ನಮ್ಮ ಮುದ್ದೇಬಿಹಾಳದ ಸುತ್ತ ಸಾಕಷ್ಟು ಜನ ಇದ್ದೀರಿ. ಈ ಮಾತು ನಿಮಗಾಗಿ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಎರಿ ಹೊಲಗಳಲ್ಲಿಯೂ ಹೊಂಡಗಳು ಕಾಣತೊಡಗಿದವು. ಮಳೆ ನೀರು ಹಿಡಿದಿಟ್ಟು, ಬೆಳೆ ಬಾಡುವ ಹೊತ್ತಿಗೆ ಒಂದೆರಡು ಸಲ ಉಣಿಸುವುದು ಅದರ ಮೊದಲ ಉದ್ದೇಶ. ನೀರು ನಿಂತಲ್ಲಿ ಮೀನು ಬೆಳೆದರೆ ನಾಲ್ಕು ಕಾಸು ಹೆಚ್ಚು ಬಂದೀತು ಎಂಬುದು ಎರಡನೆಯ ಆಸೆ. ಆಸೆ ತಪ್ಪಲ್ಲ. ಆದರೆ ಈ ಎರಡನೆಯ ಆಸೆಯಲ್ಲಿ ಕೈ ಸುಟ್ಟುಕೊಂಡ ಒಬ್ಬ ರೈತರನ್ನು ನಾನು ಕಂಡಿದ್ದೇನೆ. ಅವರ ಹೆಸರು ಹೇಳುವುದಿಲ್ಲ, ಸಂಗತಿಯನ್ನಷ್ಟೇ ಹೇಳುತ್ತೇನೆ.

ಅವರು ಶ್ರಾವಣದಲ್ಲಿ ಊರಿಗೆ ಬಂದ ಗಾಡಿಯವನಿಂದ "ಗೆಂಡೆ ಮರಿ" ಎಂದು ಸಾವಿರ ಮರಿ ಕೊಂಡರು. ಮರಿ ಎಲ್ಲಿಯದು, ಯಾವ ತಳಿಯದು ಎಂದು ಅವರು ಕೇಳಲಿಲ್ಲ, ಗಾಡಿಯವನು ಹೇಳಲಿಲ್ಲ. ದಿನಾ ಹಿಂಡಿ ತೌಡು ಹಾಕಿದರು. ಎಂಟು ತಿಂಗಳು ಕಳೆದು ಬಲೆ ಹಾಕಿದಾಗ ಹೊಂಡದ ತುಂಬ ಮೀನೇ ಮೀನು. ಆದರೆ ಏನು ಮಾಡುವುದು! ಅಂಗೈಯಷ್ಟು ಕೆಲವು, ಉಳಿದವೆಲ್ಲ ಬೆರಳಿನಷ್ಟು. "ಸಾಹೇಬರ, ಬಿಟ್ಟಿದ್ದು ಸಾವಿರ, ಈಗ ಎಣಸಾಕ ಆಗೂದಿಲ್ಲ. ಆದರ ತೂಕಕ್ಕ ಹಾಕಿದ್ರ ಬುಟ್ಟಿ ತುಂಬೂದಿಲ್ಲ" ಎಂದರು ಅವರು. ಮಗ್ಗಲಲ್ಲಿ ನಿಂತಿದ್ದ ಅವರ ಮನೆಯವರು, "ಆ ಶೇಂಗಾ ಹಿಂಡಿ ಎಮ್ಮಿಗೆ ಹಾಕಿದ್ರ ಎರಡು ತಂಬಿಗಿ ಹಾಲಾದ್ರೂ ಹೆಚ್ಚಿಗಿ ಬರತಿತ್ತು" ಎಂದರು. ಆ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು.

ತಪ್ಪಿದ್ದು ಎಲ್ಲಿ? ನೀರಿನಲ್ಲಿ ಅಲ್ಲ, ಮೇವಿನಲ್ಲಿ ಅಲ್ಲ, ದುಡಿಮೆಯಲ್ಲಂತೂ ಅಲ್ಲ. ತಪ್ಪಿದ್ದು ಬೀಜದಲ್ಲಿ. ಜೋಳ ಬಿತ್ತುವಾಗ ಬರೀ "ಜೋಳ ಕೊಡು" ಎಂದು ಯಾರೂ ಕೇಳುವುದಿಲ್ಲ. ಮಾಲದಂಡಿಯೋ ಬೇರೆಯದೋ, ಯಾರ ಮನೆಯ ಬೀಜ, ಹೋದ ವರ್ಷ ತೆನೆ ಹೇಗಿತ್ತು ಎಂದೆಲ್ಲ ವಿಚಾರಿಸುತ್ತೀರಿ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ಕಿಲಾರಿ ಹೌದೋ ಅಲ್ಲವೋ ನೋಡುತ್ತೀರಿ. ಮೀನಿನ ಮರಿಗೆ ಮಾತ್ರ ಹೆಸರು ಕೇಳಿ ಸುಮ್ಮನಾಗುತ್ತೀರಿ. ಒಂದೇ ಹೆಸರಿನೊಳಗೆ ನಾಲ್ಕಾರು ವಂಶಗಳಿರುತ್ತವೆ ಎಂಬುದು ತಿಳಿಯದೆ ಹೀಗಾಗುತ್ತದೆ. ಆ ವಂಶಗಳು ನಮ್ಮ ದೇಶಕ್ಕೆ, ನಮ್ಮ ನಾಡಿಗೆ ಹೇಗೆ ಬಂದವು ಎಂಬ ಕತೆ ತಿಳಿದರೆ ಯಾವ ಮರಿ ಬಿಡಬೇಕೆಂಬುದು ತಾನಾಗಿಯೇ ತಿಳಿದೀತು. ಆದ್ದರಿಂದ ಮೊದಲು ಕತೆ ಕೇಳಿ, ಆಮೇಲೆ ಲೆಕ್ಕ ನೋಡೋಣ.

ನಮ್ಮ ಭಾಗಕ್ಕೆ ಮೀನಿನ ವಿದ್ಯೆ ಹೊಸದಲ್ಲ. ಈ ಸೀಮೆಯನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ದೊರೆ ಇದ್ದನು. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದನು. ಅಡಿಗೆಯಿಂದ ಹಿಡಿದು ಆನೆಯವರೆಗೆ ಅದರಲ್ಲಿ ಎಲ್ಲ ವಿಷಯಗಳಿವೆ. ಮೀನು ಹಿಡಿಯುವ ವಿನೋದಕ್ಕೂ ಅದರಲ್ಲೊಂದು ಭಾಗವಿದೆ. ಯಾವ ಮೀನು ಯಾವ ನೀರಿನಲ್ಲಿರುತ್ತದೆ, ಯಾವುದಕ್ಕೆ ಎಂಥ ಮೇವಿನ ಉಂಡೆ ಹಿಡಿಸುತ್ತದೆ ಎಂದು ಬೇರೆ ಬೇರೆಯಾಗಿ ಬರೆದಿದ್ದಾನೆ. ಎಲ್ಲ ಮೀನೂ ಒಂದೇ ಅಲ್ಲ, ಒಂದೊಂದಕ್ಕೆ ಒಂದೊಂದು ಗುಣ ಎಂಬ ಅರಿವು ಈ ನಾಡಿನಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ಇತ್ತು.

ಆದರೆ ಅದು ಹಿಡಿಯುವ ವಿದ್ಯೆ, ಬಿತ್ತುವ ವಿದ್ಯೆಯಲ್ಲ. ಕೃಷ್ಣೆಯ ದಂಡೆಯ ತಂಗಡಗಿಯಂಥ ಊರುಗಳಲ್ಲಿ ಹೊಳೆ ಕೊಟ್ಟದ್ದನ್ನು ಜನ ಬಲೆ ಹಾಕಿ ಹಿಡಿದರು. ಹೊಳೆಗೆ ಬೀಜ ಹಾಕಬೇಕಾಗಿರಲಿಲ್ಲ. ಮುಂಗಾರಿನ ಕೆಂಪು ನೀರು ಬಂದಾಗ ಮೀನುಗಳು ಪ್ರವಾಹಕ್ಕೆ ಎದುರು ಏರಿ ಹೋಗಿ ತಾವೇ ಮೊಟ್ಟೆ ಇಡುತ್ತಿದ್ದವು. ಕೆರೆಗೆ ಮೀನು ಬಿಡಬೇಕೆಂದಾಗ ಮಾತ್ರ ತೊಂದರೆ ಬಂತು. ಕಾಟ್ಲಾ, ರೋಹು, ಮೃಗಾಲ ಎಂಬ ದೊಡ್ಡ ಗೆಂಡೆಗಳು ಬೇಗ ಬೆಳೆಯುತ್ತವೆ, ರುಚಿಯೂ ಹೌದು. ಆದರೆ ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹರಿಯುವ ಹೊಸ ನೀರೇ ಬೇಕು. ಆದ್ದರಿಂದ ಬಂಗಾಲದ ಕಡೆ ಮಳೆಗಾಲದಲ್ಲಿ ನದಿಯ ದಂಡೆಗೆ ಬಲೆ ಕಟ್ಟಿ, ಹರಿದು ಬರುವ ಮೊಟ್ಟೆ ಮರಿಗಳನ್ನು ಹಿಡಿದು, ಕಲ್ಕತ್ತೆಯಿಂದ ರೈಲಿನಲ್ಲಿ ದೇಶದ ನಾಲ್ಕೂ ದಿಕ್ಕಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಬದುಕಿ ಬಂದವುಗಳಲ್ಲಿ ಯಾವುದು ಕಾಟ್ಲಾ, ಯಾವುದು ಉಳಿದ ಮರಿಗಳನ್ನೇ ತಿನ್ನುವ ಕಟುಕ ಮೀನು ಎಂದು ಬೇರ್ಪಡಿಸುವುದು ಬಲು ಕಷ್ಟ. ಕಲಬೆರಕೆ ಬೀಜ ಬಿತ್ತಿದರೆ ಏನಾದೀತೆಂದು ನಿಮಗೆ ಹೇಳಬೇಕಾಗಿಲ್ಲ.

ಈ ಕಷ್ಟಕ್ಕೆ ದಾರಿ ತೋರಿಸಿದವರು ಹೀರಾಲಾಲ ಚೌಧುರಿ ಎಂಬ ವಿಜ್ಞಾನಿ. ಮೀನಿನ ತಲೆಯಲ್ಲಿ, ಮೆದುಳಿನ ಬುಡದಲ್ಲಿ, ಕಾಳಿಗಿಂತ ಚಿಕ್ಕದಾದ ಒಂದು ಗ್ರಂಥಿ ಇರುತ್ತದೆ. ಪಿಟ್ಯುಟರಿ ಎಂದು ಅದರ ಹೆಸರು. ಅದನ್ನು ತೆಗೆದು, ಅರೆದು, ಅದರ ರಸವನ್ನು ಬಲಿತ ಗಂಡು ಹೆಣ್ಣು ಮೀನುಗಳಿಗೆ ಸೂಜಿಯಿಂದ ಚುಚ್ಚಿದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಆ ಪ್ರಯೋಗ ಫಲಿಸಿತು. ಹೊಳೆಯ ಪ್ರವಾಹವಿಲ್ಲದೆಯೇ ಗೆಂಡೆ ಮೀನು ಮೊಟ್ಟೆ ಇಟ್ಟಿತು. ಅದರ ನೆನಪಿಗಾಗಿಯೇ ಇಂದಿಗೂ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಕಲ್ಕತ್ತೆಯ ರೈಲಿಗೆ ಕಾಯುವುದು ತಪ್ಪಿತು. ಮರಿ ಬೇಕಾದಲ್ಲಿ ಮರಿ ಮಾಡಿಕೊಳ್ಳುವ ಕಾಲ ಬಂತು. ಹೊಳೆಯ ಕೈಯಲ್ಲಿದ್ದ ಬೀಜದ ಬುಟ್ಟಿ ಮನುಷ್ಯನ ಕೈಗೆ ಬಂದಿತೆನ್ನಬಹುದು. ಬುಟ್ಟಿ ಕೈಗೆ ಬಂದ ಮೇಲೆ ಬೀಜ ಆರಿಸುವ ಹೊಣೆಯೂ ಕೈಗೆ ಬಂತು. ಇದನ್ನು ಸ್ವಲ್ಪ ನೆನಪಿನಲ್ಲಿಡಿ.

ಅದೇ 1957ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಬ್ಯಾಂಕಾಕಿನಿಂದ ಒಡಿಶಾದ ಕಟಕ್‌ಗೆ ಒಂದು ಹೊರದೇಶದ ಮೀನು ಬಂತು. ಅದೇ ಇಂದು ನಾವು ಸಾಮಾನ್ಯ ಗೆಂಡೆ ಎನ್ನುವ ಮೀನು. ಇದರ ಇನ್ನೊಂದು ವಂಶ ಇದಕ್ಕಿಂತ ಮೊದಲೇ, 1939ರಲ್ಲಿ, ಸಿಂಹಳದಿಂದ ನೀಲಗಿರಿಗೆ ಬಂದಿತ್ತು. ಅದು ಮೂಲತಃ ಯುರೋಪಿನದು; ಮೈಮೇಲೆ ಅಲ್ಲಲ್ಲಿ ಮಾತ್ರ ದೊಡ್ಡ ಹೊಳೆಯುವ ಹುರುಪೆ ಇರುವುದರಿಂದ ಅದನ್ನು ಕನ್ನಡಿ ಗೆಂಡೆ ಎನ್ನುತ್ತಾರೆ. ಅದು ನೀಲಗಿರಿಯ ತಂಪಿಗೆ ಒಗ್ಗಿತು. ಬ್ಯಾಂಕಾಕಿನ ವಂಶ ಬಯಲುಸೀಮೆಯ ಬಿಸಿಗೆ ಒಗ್ಗಿತು. ನೋಡಿದಿರಾ, ಜಾತಿ ಒಂದೇ, ಹೆಸರೂ ಒಂದೇ. ಆದರೆ ಒಂದು ಗುಡ್ಡಕ್ಕೆ, ಇನ್ನೊಂದು ಬಯಲಿಗೆ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಹೊಲ ತೋಟವುಳ್ಳವರು ತಮ್ಮ ಖಾಸಗಿ ಕೊಳಗಳಲ್ಲಿ ಗಾಳ ಹಾಕಿ ಹಿಡಿಯಲಿಕ್ಕೆಂದು ಬಾಸ್ ಎಂಬ ಮೀನು ಬಿಡುತ್ತಾರೆ. ಅದರಲ್ಲಿಯೂ ಉತ್ತರದ ವಂಶ, ಫ್ಲಾರಿಡಾದ ವಂಶ ಎಂದು ಎರಡು. 1959ರಲ್ಲಿ ಫ್ಲಾರಿಡಾದ ಮರಿಗಳನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಊರಿನ ಕೆರೆಗಳಿಗೆ ಒಯ್ದರು. ಬಿಸಿಲಿನ ಆ ನೀರಿನಲ್ಲಿ ಅವು ಹೆಸರುವಾಸಿಯಾಗುವಷ್ಟು ದೊಡ್ಡವಾಗಿ ಬೆಳೆದವು. ಆದರೆ ಅದೇ ವಂಶವನ್ನು ಹಿಮ ಬೀಳುವ ಸೀಮೆಯ ಕೊಳಕ್ಕೆ ಬಿಟ್ಟರೆ ಚಳಿಗಾಲ ದಾಟುವುದೇ ಕಷ್ಟ. ಆದ್ದರಿಂದ ಅಲ್ಲಿಯ ಕೊಳದ ಒಡೆಯನೂ ಮರಿ ಕೊಳ್ಳುವ ಮೊದಲು, ಇದು ಯಾವ ವಂಶ, ನನ್ನ ನೀರಿಗೆ ಹೊಂದೀತೇ ಎಂದು ಕೇಳಲೇಬೇಕಾಗುತ್ತದೆ. ನಮ್ಮ ಗೆಂಡೆಗೂ ಅದೇ ಮಾತು ಸಲ್ಲುತ್ತದೆ.

ಬ್ಯಾಂಕಾಕ್ ಗೆಂಡೆಯನ್ನು ಮೊದಲು ಎಲ್ಲರೂ ಹೊಗಳಿದರು. ಹೊಗಳುವುದಕ್ಕೆ ಕಾರಣವೂ ಇತ್ತು. ಅದು ಕೆರೆಯ ತಳದಲ್ಲಿ ಸಿಕ್ಕದ್ದನ್ನು ತಿನ್ನುತ್ತದೆ, ರಾಡಿ ನೀರನ್ನೂ ತಾಳುತ್ತದೆ, ಸೂಜಿ ಚುಚ್ಚುವ ಗೊಡವೆಯಿಲ್ಲದೆ ನಿಂತ ನೀರಿನಲ್ಲಿಯೇ ಮೊಟ್ಟೆ ಇಡುತ್ತದೆ. ನೀರಿನಲ್ಲಿ ಸ್ವಲ್ಪ ಜೊಂಡೋ ಜಲಸಸ್ಯವೋ ಇದ್ದರೆ ಸಾಕು. ಮೊಟ್ಟೆ ಅದಕ್ಕೆ ಅಂಟಿಕೊಂಡು ಮರಿಯಾಗುತ್ತದೆ. ಒಂದು ಕಿಲೋ ತೂಕದ ಹೆಣ್ಣು ಸುಮಾರು ಒಂದು ಲಕ್ಷ ಮೊಟ್ಟೆ ಇಟ್ಟೀತು. ಮರಿ ಮಾಡುವವರಿಗೆ ಇದಕ್ಕಿಂತ ಸುಲಭದ ಮೀನು ಬೇರೆ ಯಾವುದು? ಹೀಗಾಗಿ ಅದು ಕೆರೆಯಿಂದ ಕೆರೆಗೆ ಹಬ್ಬಿತು.

ಆದರೆ ಮರಿ ಮಾಡುವವನಿಗೆ ವರವಾದದ್ದು ಮೀನು ಬೆಳೆಸುವವನಿಗೆ ಶಾಪವಾಯಿತು. ನಮ್ಮ ಬಿಸಿ ನೀರಿನಲ್ಲಿ ಬ್ಯಾಂಕಾಕ್ ಗೆಂಡೆ ಆರೆಂಟು ತಿಂಗಳಿಗೇ ಪ್ರಾಯಕ್ಕೆ ಬರುತ್ತದೆ. ಪ್ರಾಯಕ್ಕೆ ಬಂದ ಮೀನು ತಿಂದ ಮೇವನ್ನು ಮೈ ಬೆಳೆಸುವುದಕ್ಕೆ ಹಾಕುವುದಿಲ್ಲ; ಮೊಟ್ಟೆ ಕಟ್ಟುವುದಕ್ಕೆ ಹಾಕುತ್ತದೆ. ಹೊಟ್ಟೆ ಉಬ್ಬುತ್ತದೆ, ಮೈ ನಿಲ್ಲುತ್ತದೆ. ಮೊಟ್ಟೆ ಇಟ್ಟಿತೆಂದರೆ ಹೊಂಡದಲ್ಲಿ ಸಾವಿರಾರು ಕರೆಯದ ನೆಂಟರು ಹುಟ್ಟಿಕೊಳ್ಳುತ್ತಾರೆ. ಹಾಕಿದ ಹಿಂಡಿ ಎಲ್ಲರಿಗೂ ಹಂಚಿಹೋಗಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಾನು ಮೊದಲು ಹೇಳಿದ ರೈತರ ಹೊಂಡದಲ್ಲಿ ನಡೆದದ್ದು ಇದೇ. ಅವರು ಮೀನು ಬೆಳೆಸಲಿಲ್ಲ. ತಿಳಿಯದೆ ಮರಿ ಬೆಳೆಸಿದರು.

ಇಷ್ಟೇ ಆಗಿದ್ದರೆ ಇದನ್ನು ಒಂದು ಮೀನಿನ ದೋಷವೆಂದು ಬಿಡಬಹುದಿತ್ತು. ಇನ್ನೂ ಒಂದು ಸೂಕ್ಷ್ಮ ಸಂಗತಿ ಇದೆ. ಅದನ್ನು ಕಂಡುಹಿಡಿದದ್ದು ನಮ್ಮ ಕರ್ನಾಟಕದಲ್ಲಿಯೇ. ಅಂಬೇಕರ ಏಕನಾಥ ಎಂಬ ವಿಜ್ಞಾನಿ, ಡಾಯ್ಲ್ ಎಂಬ ವಿದೇಶೀ ವಿಜ್ಞಾನಿಯೊಡನೆ, ನಮ್ಮ ರಾಜ್ಯದ ಮೀನುಮರಿ ಕೇಂದ್ರಗಳಲ್ಲಿ ತಾಯಿ ಮೀನುಗಳನ್ನು ಹೇಗೆ ಆರಿಸುತ್ತಾರೆಂದು ಪರೀಕ್ಷಿಸಿ 1985ರಲ್ಲಿಯೂ 1990ರಲ್ಲಿಯೂ ಪ್ರಕಟಿಸಿದರು. ಅವರು ನೋಡಿದ್ದು ಕಾಟ್ಲಾ ರೋಹು ಮುಂತಾದ ನಮ್ಮ ದೇಶದ ಗೆಂಡೆಗಳನ್ನು. ಕಂಡ ಸತ್ಯ ಮಾತ್ರ ಎಲ್ಲ ಮೀನಿಗೂ ಅನ್ವಯಿಸುವಂಥದು. ಬೀಜಕ್ಕಾಗಿ ಇಟ್ಟುಕೊಳ್ಳುವ ತಾಯಿ ತಂದೆ ಮೀನುಗಳನ್ನು ಆರಿಸುವ ರೂಢಿಯಿಂದಲೇ, ಯಾರೂ ಬಯಸದಿದ್ದರೂ, ನಿಧಾನ ಬೆಳೆಯುವ ಗುಣ ಪೀಳಿಗೆಗೆ ಇಳಿಯುವ ಅಪಾಯವಿತ್ತು. ದೊಡ್ಡ ಮೀನು ಪೇಟೆಗೆ ಹೋಗಿ, ಸಣ್ಣದು ಬೀಜಕ್ಕೆ ಉಳಿದರೆ ಏನಾಗುತ್ತದೆ? ರಾಶಿಯಲ್ಲಿ ಗಟ್ಟಿ ತೆನೆಯನ್ನೆಲ್ಲ ಮಾರಿ, ಜೊಳ್ಳು ತೆನೆಯನ್ನು ಬಿತ್ತನೆಗೆ ಇಟ್ಟಂತೆ ಆಗುತ್ತದೆ. ಒಂದು ವರ್ಷಕ್ಕೆ ತಿಳಿಯಲಿಕ್ಕಿಲ್ಲ. ಹತ್ತು ವರ್ಷಕ್ಕೆ ಬೀಜವೇ ಕೆಟ್ಟಿರುತ್ತದೆ.

ಎರಡನೆಯ ಕೇಡು ಒಳಸಂತಾನದ್ದು. ಕೆಲವೇ ಗಂಡು ಹೆಣ್ಣುಗಳಿಂದ ಲಕ್ಷಗಟ್ಟಲೆ ಮರಿ ಆಗುವುದರಿಂದ, ಹತ್ತಾರು ಮೀನು ಇಟ್ಟುಕೊಂಡರೆ ಸಾಕು ಎಂದು ಮರಿ ಮಾಡುವವರಿಗೆ ಅನಿಸುತ್ತದೆ. ಆ ಮರಿಗಳಲ್ಲಿಯೇ ಮುಂದಿನ ತಾಯಿ ತಂದೆ. ಹೊರಗಿನಿಂದ ಹೊಸ ರಕ್ತವಿಲ್ಲ. ಒಂದೇ ಹೋರಿಯ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅದೇ ಹೋರಿಗೆ ಕೊಟ್ಟರೆ ದನದ ಹಟ್ಟಿ ಏನಾಗುತ್ತದೆಂದು ನಿಮಗೆ ಗೊತ್ತಿದೆ. 1990ರ ಆ ಬರಹದಲ್ಲಿ ಕರ್ನಾಟಕದ ಕೇಂದ್ರಗಳಲ್ಲಿ ಒಳಸಂತಾನ ಶೇಕಡಾ 2ರಿಂದ 17ರವರೆಗಿನ ವೇಗದಲ್ಲಿ ಏರುತ್ತಿತ್ತೆಂದು ಲೆಕ್ಕ ತೋರಿಸಿದರು. ಮರಿ ಸಾಯುವುದು, ಬೆನ್ನು ಸೊಟ್ಟಗಾಗುವುದು, ಬೆಳವಣಿಗೆ ಕುಗ್ಗುವುದು ಇಂಥ ಒಳಸಂತಾನದ ಫಲ. ರೈತ ಮಾತ್ರ "ನನ್ನ ನೀರು ಸರಿಯಿಲ್ಲ, ನನ್ನ ದೈವ ಸರಿಯಿಲ್ಲ" ಎಂದುಕೊಳ್ಳುತ್ತಾನೆ.

ರೋಗ ತಿಳಿದ ಮೇಲೆ ಮದ್ದು ಹುಡುಕಿದರು. ಎರಡು ಮದ್ದುಗಳ ಕತೆ ಹೇಳುತ್ತೇನೆ. ಎರಡೂ ನಿಮ್ಮ ಹೊಂಡಕ್ಕೆ ಸಂಬಂಧಿಸಿದವು.

ಮೊದಲನೆಯದು ಜಯಂತಿ ರೋಹು. ಒಡಿಶಾದ ಭುವನೇಶ್ವರದ ಬಳಿಯ ಕೇಂದ್ರ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ನಾರ್ವೆ ದೇಶದ ಸಂಸ್ಥೆಯ ಜೊತೆಗೂಡಿ 1992ರಲ್ಲಿ ಈ ಕೆಲಸ ಆರಂಭಿಸಿದರು. ಒಂದೇ ಹೊಂಡದ ಮೀನನ್ನು ನಂಬಲಿಲ್ಲ. ಗಂಗಾ, ಯಮುನಾ, ಬ್ರಹ್ಮಪುತ್ರ, ಸತ್ಲಜ್, ಗೋಮತಿ, ಈ ಐದು ನದಿಗಳಿಂದ ರೋಹು ತಂದರು. ತಮ್ಮ ಕೇಂದ್ರದ ಮೀನನ್ನೂ ಸೇರಿಸಿದರು. ಇವುಗಳನ್ನು ಕೂಡಿಸಿ, ಪ್ರತಿ ಪೀಳಿಗೆಯಲ್ಲಿ ಚೆನ್ನಾಗಿ ಬೆಳೆದ ಮನೆತನಗಳನ್ನು ಆರಿಸಿ, ಅವುಗಳಿಂದಲೇ ಮುಂದಿನ ಮರಿ ಮಾಡಿದರು. ಬೆಳವಣಿಗೆ ಪೀಳಿಗೆಗೆ ಸರಾಸರಿ ಶೇಕಡಾ 17ರಷ್ಟು ಏರುತ್ತ ಹೋಯಿತು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ, 1997ರಲ್ಲಿ, ಈ ತಳಿಯನ್ನು ಹೊರತಂದದ್ದರಿಂದ ಜಯಂತಿ ಎಂಬ ಹೆಸರಿಟ್ಟರು. ನೋಡಲು ರೋಹುವೇ. ವಂಶ ಬೇರೆ, ಆದ್ದರಿಂದ ತೂಕ ಬೇರೆ.

ಎರಡನೆಯದು ನಮ್ಮ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಕತೆ. ಬೇಗ ಪ್ರಾಯಕ್ಕೆ ಬರುವ ಸಾಮಾನ್ಯ ಗೆಂಡೆಯ ಚಾಳಿಯನ್ನು ಹೇಗೆ ಬಿಡಿಸುವುದು ಎಂಬ ಪ್ರಶ್ನೆಯನ್ನು ಅಲ್ಲಿಯ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಕೈಗೆತ್ತಿಕೊಂಡರು. ಆಗ ಆ ಕೇಂದ್ರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಈಗ ಬೀದರದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಡಾ. ಬಸವರಾಜು ಮತ್ತು ಅವರ ಸಂಗಡಿಗರು ಬ್ರಿಟನ್ನಿನ ವಿಜ್ಞಾನಿಗಳ ನೆರವಿನಿಂದ ಬೇರೆ ಬೇರೆ ದೇಶಗಳ ಗೆಂಡೆ ತಳಿಗಳನ್ನು ತರಿಸಿದರು. ಹಂಗೇರಿಯಿಂದ ಅಮೂರ್ ಮತ್ತು ಪಿ-3, ಇಂಡೊನೇಷಿಯಾದಿಂದ ರಾಜದಾನು, ವಿಯೆಟ್ನಾಮಿನಿಂದ ಒಂದು. ಇವುಗಳ ಮಗ್ಗಲಲ್ಲಿ ಭದ್ರಾ ಯೋಜನೆಯ ಮರಿ ಕೇಂದ್ರದ ನಮ್ಮ ಸ್ಥಳೀಯ ಗೆಂಡೆಯನ್ನೂ ತಮ್ಮ ಕೇಂದ್ರದ ಗೆಂಡೆಯನ್ನೂ ಇಟ್ಟು ಬೆಳೆಸಿ ನೋಡಿದರು. ಬೇರೆ ಬೇರೆ ಜೋಳವನ್ನು ಒಂದೇ ಹೊಲದಲ್ಲಿ ಸಾಲು ಸಾಲಾಗಿ ಬಿತ್ತಿ, ಯಾವುದು ಮೇಲು ಎಂದು ತೂಗಿ ನೋಡಿದಂತೆ ಇದು. 2003ರ ಹೊತ್ತಿಗೆ ಈ ಕೆಲಸದ ವರದಿ ಹೊರಬಂತು.

ಇವುಗಳಲ್ಲಿ ನಮ್ಮ ರೈತರ ಹೊಂಡದವರೆಗೂ ಬಂದು ಹೆಸರು ಮಾಡಿದ್ದು ಅಮೂರ್. ರಷ್ಯಾ ಚೀನಾ ಗಡಿಯಲ್ಲಿ ಹರಿಯುವ ಅಮೂರ್ ನದಿಯ ಹೆಸರು ಅದಕ್ಕೆ. ಹಳೆಯ ಬ್ಯಾಂಕಾಕ್ ಗೆಂಡೆಯ ಮೈ ಗಿಡ್ಡ, ಹೊಟ್ಟೆ ದಪ್ಪ. ಅಮೂರಿನ ಮೈ ನೀಳ, ದುಂಡಗೆ. ಅದು ತಡವಾಗಿ ಪ್ರಾಯಕ್ಕೆ ಬರುವುದರಿಂದ ತಿಂದದ್ದು ಮೈಗೆ ಹತ್ತುತ್ತದೆ. ಸ್ಥಳೀಯ ಗೆಂಡೆಗಿಂತ ಸುಮಾರು ಕಾಲು ಪಾಲು ಹೆಚ್ಚು ವೇಗದಲ್ಲಿ ಬೆಳೆಯುತ್ತದೆ. ಅಂದರೆ ಹಳೆಯ ತಳಿ 400 ಗ್ರಾಂ ಬರುವ ಹೊತ್ತಿಗೆ ಇದು 500 ಗ್ರಾಂ ಬಂದೀತು. ಮೇವು ಅಷ್ಟೇ, ನೀರು ಅಷ್ಟೇ, ದುಡಿಮೆ ಅಷ್ಟೇ.

ಈ ಕತೆಯಿಂದ ಒಂದು ಎಚ್ಚರಿಕೆಯನ್ನೂ ತೆಗೆದುಕೊಳ್ಳಬೇಕು. ಹೊರಗಿನದೆಲ್ಲ ಒಳ್ಳೆಯದೆಂದು ತಿಳಿಯಬೇಡಿ. 1952ರಲ್ಲಿ ತಿಲಾಪಿಯಾ ಎಂಬ ಮೀನನ್ನು ನಮ್ಮ ದೇಶಕ್ಕೆ ತಂದರು. ಅದು ಕೆರೆಗಳಲ್ಲಿ ಮರಿಯ ಮೇಲೆ ಮರಿ ಹಾಕಿ, ಗಿಡ್ಡವಾಗಿಯೇ ಉಳಿದು, ಬೇರೆ ಮೀನಿನ ಮೇವನ್ನು ಕಸಿಯಿತು. ಇಂದಿಗೂ ಅದನ್ನು ತೆಗೆದುಹಾಕಲು ಆಗಿಲ್ಲ. ಆಫ್ರಿಕಾದ ಕ್ಯಾಟ್‌ಫಿಶ್ ಅಂತೂ ಬೇರೆ ಮೀನುಗಳನ್ನೇ ನುಂಗುವಂಥದು. ಸರಕಾರ ಅದನ್ನು ನಿಷೇಧಿಸಿದೆ. ಯಾರಾದರೂ ಕದ್ದು ಮುಚ್ಚಿ ಆ ಮರಿ ತಂದು ಕೊಟ್ಟರೆ ಮುಟ್ಟಬೇಡಿ. ನಿಮ್ಮ ಹೊಂಡ ಕೋಡಿ ಬಿದ್ದರೆ ನೀರು ಹಳ್ಳಕ್ಕೆ ಹೋಗುತ್ತದೆ, ಹಳ್ಳ ಡೋಣಿಗೋ ಕೃಷ್ಣೆಗೋ ಹೋಗುತ್ತದೆ. ಅಮೂರ್ ಇರಲಿ ಯಾವುದೇ ಇರಲಿ, ಕೋಡಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿರಿ. ಉಳಿದ ಮರಿಯನ್ನು ಪುಣ್ಯ ಬರಲೆಂದು ಹೊಳೆಗೆ ಬಿಡಬೇಡಿ. ಹೊಳೆಯ ಮೀನಿಗೆ ಅದು ಪುಣ್ಯವಲ್ಲ.

ಇನ್ನು ನಿಮ್ಮ ಹೊಂಡದ ಲೆಕ್ಕಕ್ಕೆ ಬರೋಣ. ಮೊದಲ ಪ್ರಶ್ನೆ ಮೀನಿನದಲ್ಲ, ನೀರಿನದು. ನಿಮ್ಮ ಹೊಂಡದಲ್ಲಿ ಎಷ್ಟು ತಿಂಗಳು ನೀರು ನಿಲ್ಲುತ್ತದೆ? ನಮ್ಮಲ್ಲಿ ದೊಡ್ಡ ಮಳೆ ಬರುವುದು ಹೆಚ್ಚಾಗಿ ಭಾದ್ರಪದದ ಸುಮಾರಿಗೆ. ಬೆಳೆಗೆ ನೀರು ಎತ್ತಿದ ಮೇಲೂ ಒಂದರಿಂದ ಒಂದೂವರೆ ಮೀಟರ್ ನೀರು ಮೀನಿಗೆಂದು ಉಳಿಯಬೇಕು. ನಾಲ್ಕು ತಿಂಗಳೂ ನೀರು ನಿಲ್ಲದ ಹೊಂಡಕ್ಕೆ ಗೆಂಡೆ ಬಿಡದಿರುವುದೇ ಮೇಲು. ಆರರಿಂದ ಎಂಟು ತಿಂಗಳು ನಿಲ್ಲುವುದಾದರೆ ಎಳೆಯ ಮರಿ ಬಿಡಬೇಡಿ. ಮೂರು ನಾಲ್ಕು ಇಂಚು ಉದ್ದದ ಬಲಿತ ಬಿತ್ತನೆ ಮರಿಯನ್ನೇ ಬಿಡಿ. ಎಳೆ ಮರಿ ಅಗ್ಗವೆಂದು ಕೊಂಡರೆ ಎರಡು ತಿಂಗಳ ನೀರು ಅದನ್ನು ಬಲಿಸುವುದಕ್ಕೇ ಹೋಗುತ್ತದೆ. ಬಾವಿಯ ಆಸರೆ ಇದ್ದು ವರ್ಷಪೂರ್ತಿ ನೀರು ಇರುವುದಾದರೆ, ಚೆನ್ನಾಗಿ ಸಾಕಿದ ಗೆಂಡೆ ಹತ್ತು ಹನ್ನೆರಡು ತಿಂಗಳಿಗೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗೀತು.

ಎರಡನೆಯದು ಎಷ್ಟು ಬಿಡಬೇಕೆಂಬುದು. ಕೃಷಿ ಭಾಗ್ಯದ ಹೊಂಡಗಳಲ್ಲಿ ದೊಡ್ಡ ಅಳತೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಅದರ ಬಾಯಿ 441 ಚದರ ಮೀಟರ್, ಎಂದರೆ ನಾಲ್ಕು ಗುಂಟೆಗಿಂತ ತುಸು ಹೆಚ್ಚು. ತುಂಬಿದ ನೀರಿಗೆ ಚದರ ಮೀಟರಿಗೊಂದು ಮರಿ ಎಂಬುದು ರೂಢಿಯ ಲೆಕ್ಕ. ನಾವು ನೀರು ಎತ್ತಿ ಬೆಳೆಗೆ ಹಾಯಿಸುವವರು. ಆದ್ದರಿಂದ 300 ಮರಿಗಿಂತ ಹೆಚ್ಚು ಬೇಡ. ನಮ್ಮ ರೈತರು ಅದೇ ಅಳತೆಯ ಹೊಂಡಕ್ಕೆ ಸಾವಿರ ಬಿಟ್ಟಿದ್ದರು ಎಂಬುದನ್ನು ನೆನೆಯಿರಿ. ದಟ್ಟ ಬಿತ್ತಿದ ಜೋಳದಲ್ಲಿ ತೆನೆ ಬಂದೀತೇ?

ಮೂರನೆಯದು ಯಾವುದನ್ನು ಬಿಡಬೇಕೆಂಬುದು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವಿನ ನೀರಿನಲ್ಲಿ, ಸಾಮಾನ್ಯ ಗೆಂಡೆ ತಳದಲ್ಲಿ. ಮೂರು ಅಂತಸ್ತಿನ ಮನೆಯಂತೆ ಮೂರನ್ನೂ ಕೂಡಿಸಿ ಬಿಟ್ಟರೆ ಜಗಳವಿಲ್ಲ. 100 ಕಾಟ್ಲಾ, 100 ರೋಹು, 100 ಅಮೂರ್ ಗೆಂಡೆ, ಈ ಲೆಕ್ಕ ನೆನಪಿಡುವುದಕ್ಕೂ ಸುಲಭ. ರೋಹು ಜಯಂತಿಯದಾದರೆ ಇನ್ನೂ ಒಳ್ಳೆಯದು. ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರೆ ತಳದಲ್ಲಿ ಮಣ್ಣಿಲ್ಲದ್ದರಿಂದ ತಳದ ಮೀನಿಗೆ ತಾನಾಗಿ ಸಿಗುವ ಮೇವು ಕಡಿಮೆ. ಕೈಯಿಂದ ಹಾಕುವ ಮೇವನ್ನು ತಪ್ಪಿಸಬಾರದು. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಸಮಪಾಲು ಕಲಸಿ, ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಮೂರು ಪಾಲಿನಷ್ಟು ದಿನಾ ಹಾಕಿರಿ. 300 ಮೀನು ತಲಾ 100 ಗ್ರಾಂ ಇದ್ದಾಗ ಒಟ್ಟು ತೂಕ 30 ಕಿಲೋ. ಅದಕ್ಕೆ ದಿನಕ್ಕೆ 600ರಿಂದ 900 ಗ್ರಾಂ ಸಾಕು. ಹೆಚ್ಚು ಹಾಕಿದರೆ ಕೊಳೆತು ನೀರು ಕೆಡುತ್ತದೆ. ಚಳಿಯ ದಿನಗಳಲ್ಲಿ ಮೀನು ಕಡಿಮೆ ತಿನ್ನುತ್ತದೆ. ಆಗ ಮೇವನ್ನೂ ಇಳಿಸಿರಿ.

ನಾಲ್ಕನೆಯದೇ ಇಂದಿನ ಮುಖ್ಯ ಮಾತು. ಮರಿ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿರಿ. ಇದು ಯಾವ ಮೀನು? ಆ ಮೀನಿನಲ್ಲಿ ಯಾವ ತಳಿ? ಯಾವ ಕೇಂದ್ರದಲ್ಲಿ ಮಾಡಿದ ಮರಿ? ಆ ಕೇಂದ್ರದವರು ತಾಯಿ ಮೀನುಗಳನ್ನು ಎಲ್ಲಿಂದ ತಂದರು, ಎಂದು ಬದಲಾಯಿಸಿದರು? ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಉಳಿದ ಮೂರಕ್ಕೆ ಉತ್ತರ ಕೊಡಲಾರದವರ ಹತ್ತಿರ ಮರಿ ಕೊಳ್ಳಬೇಡಿ, ಅಗ್ಗವಾದರೂ ಸರಿ. ಮೈಯ ಆಕಾರ ನೋಡಿ ನಾನೇ ಗುರುತಿಸುತ್ತೇನೆ ಎನ್ನಬೇಡಿ. ಮೂರಿಂಚಿನ ಮರಿಯಲ್ಲಿ ಅಮೂರ್ ಯಾವುದು, ಹಳೆಯದು ಯಾವುದು ಎಂದು ತಿಳಿಯುವುದು ಪಳಗಿದ ಕಣ್ಣಿಗೂ ಕಷ್ಟ. ಮರಿ ಕೊಟ್ಟವರಿಂದ ಮೀನಿನ ಹೆಸರು, ತಳಿ, ಕೇಂದ್ರ ಬರೆದ ರಸೀತಿ ತೆಗೆದುಕೊಳ್ಳಿರಿ. ಸಂದೇಹವಿದ್ದರೆ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿರಿ. ವಿಜಯಪುರದ ಭೂತನಾಳದಲ್ಲಿ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ಕೇಳಿದವರನ್ನು ಯಾರೂ ಸಣ್ಣವರೆಂದು ತಿಳಿಯುವುದಿಲ್ಲ.

ಮರಿ ತಂದ ಕೂಡಲೇ ಚೀಲ ಬಿಚ್ಚಿ ಸುರಿಯಬೇಡಿ. ತಂಪು ಹೊತ್ತಿನಲ್ಲಿ ತಂದು, ಚೀಲವನ್ನು ಕಟ್ಟಿದಂತೆಯೇ ಹೊಂಡದ ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಿ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಮರಿ ತಾವಾಗಿ ಈಜಿ ಹೊರಹೋಗಲಿ. ಹೊಂಡದ ಸುತ್ತ ಬೇಲಿ ಇರಲಿ, ಹಗ್ಗದ ಏಣಿಯೊಂದು ಸದಾ ಇಳಿಬಿಟ್ಟಿರಲಿ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಕಾಲು ಜಾರಿದರೆ ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ. ಮಕ್ಕಳನ್ನು ಮೀನು ತೋರಿಸಲೆಂದು ಒಂಟಿಯಾಗಿ ಬಿಡಬೇಡಿ. ಮೀನಿಗಿಂತ ಮಕ್ಕಳು ದೊಡ್ಡವರು.

ನಾನು ಹೇಳಿದ ಆ ರೈತರು ಮಾರನೆಯ ವರ್ಷ ಏನು ಮಾಡಿದರೆಂದು ನೀವು ಕೇಳಬಹುದು. ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಒಣಗಿಸಿದರು. ಹಳೆಯ ಮೀನಿನ ಒಂದು ಮರಿಯೂ ಉಳಿಯದಂತೆ ನೋಡಿಕೊಂಡರು. ಹೊಸ ನೀರು ಬಂದ ಮೇಲೆ ರಸೀತಿ ಸಮೇತ 300 ಮರಿ ತಂದರು. ಬಲೆ ಹಾಕುವ ದಿನ ನನ್ನನ್ನೂ ಕರೆದರು. ಕೊಳ್ಳುವವರು ಹೊಂಡದ ದಂಡೆಗೇ ತಕ್ಕಡಿ ತಂದಿದ್ದರು. ಗಂಟು ತುಂಬಿತೆಂದು ನಾನು ಹೇಳುವುದಿಲ್ಲ. ಹಿಂಡಿ ತೌಡಿನ ಖರ್ಚು ಕಳೆದು ನಾಲ್ಕು ಕಾಸು ಉಳಿಯಿತು. ಅವರ ಮನೆಯವರು ತಕ್ಕಡಿಯಲ್ಲಿ ಕುಳಿತ ಒಂದು ಅಮೂರ್ ಗೆಂಡೆಯನ್ನು ನೋಡಿ, "ಇದಕ್ಕ ಹಿಂಡಿ ಹಾಕಿದ್ದು ಸಾರ್ಥಕ ಆತ ನೋಡ್ರಿ" ಎಂದರು. ಎಮ್ಮೆಯ ಮಾತು ಈ ಸಲ ಅವರು ಎತ್ತಲಿಲ್ಲ.

ಹೊಳೆಯ ಕೈಯಲ್ಲಿ ಬೀಜವಿದ್ದಾಗ ಆರಿಸುವ ಕೆಲಸವನ್ನು ಹೊಳೆಯೇ ಮಾಡುತ್ತಿತ್ತು. ದುರ್ಬಲವಾದದ್ದು ಪ್ರವಾಹದಲ್ಲಿ ಉಳಿಯುತ್ತಿರಲಿಲ್ಲ. 1957ರಿಂದ ಆ ಕೆಲಸ ಮನುಷ್ಯನ ಪಾಲಿಗೆ ಬಂದಿದೆ. ಮರಿ ಮಾಡುವವರು ಅದನ್ನು ಸರಿಯಾಗಿ ಮಾಡುವುದು ಕೊಳ್ಳುವವರು ಕೇಳಿದಾಗ ಮಾತ್ರ. ನೀವು ಕೇಳದಿದ್ದರೆ ಅವರು ಹೇಳುವುದಿಲ್ಲ. ಅವರು ಹೇಳದಿದ್ದರೆ ಬೀಜ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಲೇ ಹೋಗುತ್ತದೆ. ಬಿತ್ತಿದಂತೆ ಬೆಳೆ ಎಂಬ ಮಾತು ಹೊಲಕ್ಕೆ ಎಷ್ಟು ನಿಜವೋ ಹೊಂಡಕ್ಕೂ ಅಷ್ಟೇ ನಿಜ.

ಮಳೆ ಚೆನ್ನಾಗಿ ಆಗಲಿ, ಹೊಂಡ ತುಂಬಲಿ. ಇನ್ನೊಮ್ಮೆ ಸೇರೋಣ.